ಗಾಡಿಗೆ ಕುಡಿಸಿದ ಟಾನಿಕ್

ಬೇರೆಯವರ ಮೂಢನಂಬಿಕೆ ಕಂಡು ನಗುವುದರಲ್ಲಿ ಒಂದು ಸುಖವಿದೆ. ಬ್ಯಾಡಗಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರನಾಗಿರುವ ನಾನು ಹದಿನೆಂಟು ವರ್ಷಗಳಿಂದ ಆ ಸುಖವನ್ನು ಒಂದು ದಿನವೂ ತಪ್ಪಿಸಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ತಾಮ್ರದ ಉಂಗುರದಿಂದ ಮೊಣಕಾಲು ನೋವು ಹೋಯಿತು ಎನ್ನಲಿ, ಯಾವುದೋ ಬೇರಿನ ಕಷಾಯದಿಂದ ಬೋಳುತಲೆಯಲ್ಲಿ ಕೂದಲು ಬಂತು ಎನ್ನಲಿ, ನಾನು ಚಹಾದ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟು, “ಪುರಾವೆ ಎಲ್ಲೈತ್ರಿ?” ಎಂದು ಕೇಳುತ್ತೇನೆ. ಬೆನ್ನ ಹಿಂದೆ ನನ್ನನ್ನು ‘ಪುರಾವೆ ಸರ್’ ಎಂದು ಕರೆಯುತ್ತಾರೆಂಬುದು ಗೊತ್ತು. ಅವರು ಗೇಲಿ ಮಾಡುತ್ತಾರೆ, ನಾನು ಅದನ್ನು ಬಿರುದೆಂದು ತಿಳಿದು ಉಬ್ಬುತ್ತೇನೆ. ಇರುವುದು ಅದೊಂದೇ ಹೆಸರು. ಅದನ್ನು ಒಂದು ಬಾಟಲಿ ಕೆಂಪು ದ್ರವದಲ್ಲಿ ಅದ್ದಿ ತೆಗೆದದ್ದು ಹೇಗೆಂದು ನಿಮ್ಮೊಬ್ಬರಿಗೇ ಹೇಳುತ್ತೇನೆ.

ಹಾವೇರಿಯಿಂದ ಶಾಲೆಗೆ ನಾನು ದಿನಾ ಓಡಾಡುವುದು ಹನ್ನೆರಡು ವರ್ಷದ ಹಳೆಯ ಬೈಕಿನಲ್ಲಿ. ಅದರ ಎಂಜಿನ್ನಿನಲ್ಲಿ ಈಚೆಗೆ ಕಟಕಟ ಎಂಬ ಸದ್ದು ಸೇರಿಕೊಂಡಿತ್ತು. ಹಾಗಿರುವಾಗ ರಾಣೆಬೆನ್ನೂರಿನಲ್ಲಿ ನಮಗೆ ಒಂದು ತರಬೇತಿ ಇಟ್ಟರು. ವಿಷಯ: ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸುವುದು ಹೇಗೆ. ಇಡೀ ದಿನ ಅದನ್ನು ಬೆಳೆಸಿಕೊಂಡು ಸಂಜೆ ಹೊರಬಿದ್ದರೆ ಬಿಡಿಭಾಗಗಳ ಅಂಗಡಿಯೊಂದರ ಮುಂದೆ ಜನ ಸೇರಿದ್ದರು. ಟೈ ಕಟ್ಟಿದವನೊಬ್ಬ ಮೇಜಿನ ಮೇಲೆ ಪುಟ್ಟ ಯಂತ್ರ ಇಟ್ಟುಕೊಂಡಿದ್ದ. ತಿರುಗುವ ಉಕ್ಕಿನ ಗಾಲಿಗೆ ಸಾದಾ ಆಯಿಲ್ ಹಾಕಿ, ಮೇಲಿನಿಂದ ಸನ್ನೆಕೋಲಿನಿಂದ ಒತ್ತಿದ. ಗಾಲಿ ಕಿರ್ರೆಂದು ನಿಂತಿತು. ಆಮೇಲೆ ತನ್ನ ಬಾಟಲಿಯಿಂದ ಎರಡು ಹನಿ ಬಿಟ್ಟು ಒತ್ತಿದ. ಜೋತುಬಿದ್ದು ಒತ್ತಿದರೂ ಗಾಲಿ ನಿಲ್ಲಲಿಲ್ಲ. “ಆಯಿಲ್ ಅಂದ್ರ ಬರೇ ಊಟ ಇದ್ದಂಗ್ರಿ. ಇದು ಟಾನಿಕ್. ಪಿಕಪ್ ಬರತೈತಿ, ಎಂಜಿನ್ ಸವೆಯಂಗಿಲ್ಲ, ಹಳೇ ಗಾಡಿ ಹೊಸಾದಾಗತೈತಿ!” ಎಂದ. ನನ್ನ ಬೈಕಿನೊಳಗೆ ಇಂಥ ಮೇಜೂ ಇಲ್ಲ, ಸನ್ನೆಕೋಲೂ ಇಲ್ಲ ಎಂಬುದು ಆ ಹೊತ್ತಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. “ಪುರಾವೆ ಎಲ್ಲೈತ್ರಿ” ಎಂದು ಕೇಳುವವನಿಗೆ ಕಣ್ಣೆದುರೇ ಗಾಲಿ ತಿರುಗಿಸಿ ತೋರಿಸಿದರೆ ಅವನು ಉಳಿದವರಿಗಿಂತ ಮೊದಲು ಜೇಬಿಗೆ ಕೈ ಹಾಕುತ್ತಾನೆ.

ಮನೆಯಲ್ಲಿ ಬಾಟಲಿ ನೋಡಿ ಹೆಂಡತಿ ಗಿರಿಜಾ ಮೂಗು ಮುರಿದಳು. ಆಕೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗಳು. ನನ್ನ ಮಾವನವರು ಕಾಯಿಯ ಕೆಂಪಿಗೆ ಎಂದೂ ಮರುಳಾದವರಲ್ಲ. ಚೀಲದ ಮೇಲಿನ ಕಾಯಿ ಬದಿಗೆ ಸರಿಸಿ, ಮೊಣಕೈವರೆಗೂ ಕೈ ತೂರಿಸಿ ತಳದಿಂದ ನಾಲ್ಕು ಕಾಯಿ ಎಳೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸದ್ದು ಕೇಳಿ, ಒಣಗಿದೆಯೋ ತೂಕಕ್ಕೆಂದು ನೀರು ಹೊಡೆದಿದ್ದಾರೋ ಹೇಳುತ್ತಿದ್ದರು. ನನ್ನನ್ನು ಅಳಿಯನಾಗಿ ಆರಿಸುವಾಗ ಮಾತ್ರ ಯಾಕೋ ಮೇಲಿನದನ್ನಷ್ಟೇ ನೋಡಿದರಂತೆ. ಇದು ಗಿರಿಜಾಳ ಅಭಿಪ್ರಾಯ. “ಬಣ್ಣ ನೋಡಿ ತಗೊಂಡೀರಲ್ಲ, ಮೌಲಾಸಾಬ್‌ರಿಗೆ ಒಂದ್ ಮಾತ್ ಕೇಳಬೇಕಿತ್ತಿಲ್ಲೋ?” ಎಂದಳು. ಮೌಲಾಸಾಬ್ ಎಂದರೆ ಹಾವೇರಿಯಲ್ಲಿ ನನ್ನ ಬೈಕನ್ನು ಮೊದಲ ದಿನದಿಂದ ರಿಪೇರಿ ಮಾಡುತ್ತ ಬಂದ ಮೆಕ್ಯಾನಿಕ್. ಏಳನೇ ಈಯತ್ತೆ ಓದಿದವರನ್ನು ಬಿ.ಎಸ್ಸಿ. ಓದಿದವನು ಕೇಳುವುದೇ? ನಾನೇ ಬಾಟಲಿ ತೆರೆದು ಅಷ್ಟನ್ನೂ ಎಂಜಿನ್ನಿಗೆ ಸುರಿದೆ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಪವಾಡ! ಆಕ್ಸಿಲರೇಟರ್ ಸ್ವಲ್ಪ ತಿರುವಿದರೂ ಎಂಜಿನ್ ಸುಯ್ಯೆಂದು ಏರತೊಡಗಿತು. ಮೊದಲಿನ ಏದುಸಿರು ಇಲ್ಲ, ತಿಣುಕಾಟ ಇಲ್ಲ. ಸ್ಟಾಫ್ ರೂಮಿನಲ್ಲಿ ನಾನು ಕಪ್ಪು ಕೆಳಗಿಟ್ಟು, ಈ ಸಲ ಪುರಾವೆಯನ್ನು ನಾನೇ ಒದಗಿಸಿದೆ. ಘರ್ಷಣೆ, ಉಷ್ಣ, ಅಣುಗಳ ಪದರ ಎಂದೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದೆ. ಶಾಲೆ ತಲುಪಲು ಐದು ನಿಮಿಷ ಹೆಚ್ಚು ಬೇಕಾಗುತ್ತಿದ್ದುದನ್ನು ಮಾತ್ರ ಎದುರುಗಾಳಿಯ ಲೆಕ್ಕಕ್ಕೆ ಹಾಕಿದ್ದೆ. ನಮ್ಮ ಹೆಡ್‌ಮಾಸ್ತರರು ತಲೆದೂಗಿ ಕೇಳಿದರು. ಮರುದಿನವೇ ರಾಣೆಬೆನ್ನೂರಿಗೆ ಹೇಳಿಕಳಿಸಿ ತಮ್ಮ ಸ್ಕೂಟರಿಗೂ ಒಂದು ಬಾಟಲಿ ತರಿಸಿಕೊಂಡರು.

ಆ ಭಾನುವಾರ ಬ್ಯಾಡಗಿಯಲ್ಲಿ ಗಿರಿಜಾಳ ತಂಗಿಯ ಮಗಳ ಕುಬುಸದ ಕಾರ್ಯ. ಬಸುರಿ ಹುಡುಗಿಗೆ ಉಡಿ ತುಂಬುವ ಮೊದಲ ಮುತ್ತೈದೆ ಗಿರಿಜಾಳೇ ಎಂದು ನಿಶ್ಚಯವಾಗಿತ್ತು. ಇಳಕಲ್ ಸೀರೆ ಉಟ್ಟು, ಉಡಿಯ ಸಾಮಾನಿನ ಚೀಲ ಮಡಿಲಲ್ಲಿಟ್ಟು ಹಿಂದೆ ಕೂತಳು. ದಾರಿಯಲ್ಲಿ ರೈಲ್ವೆ ಮೇಲ್ಸೇತುವೆ ಬಂತು. ಏರು ಶುರುವಾದದ್ದೇ ಎಂಜಿನ್ ವಿಮಾನದಂತೆ ಮೊರೆಯಿತು, ಬೈಕು ಮಾತ್ರ ಆಮೆಯಾಯಿತು. ಇನ್ನೂ ತಿರುವಿದೆ. ಮೊರೆತ ಮುಗಿಲು ಮುಟ್ಟಿತು, ಚಕ್ರವನ್ನು ಮುಟ್ಟಲಿಲ್ಲ. ಬಾಳೆಹಣ್ಣಿನ ಗಾಡಿ ನೂಕಿಕೊಂಡು ಬಂದವನು ನಮ್ಮನ್ನು ದಾಟಿದ. ದಾಟಿದವನು ತಿರುಗಿ ನೋಡಿ, “ದಬ್ಬಬೇಕೇನ್ರಿ ಸರ?” ಎಂದ. ಗಿರಿಜಾ ಇಳಿದಳು. “ನೀವು ಟಾನಿಕ್ ಕುಡಿಸಿಕೋತ ಬರ್ರಿ, ನಾ ನಡಕೊಂಡ ಹೊಕ್ಕೇನಿ” ಎಂದು ಚೀಲ ಕಂಕುಳಲ್ಲಿಟ್ಟು ಸೇತುವೆ ಏರಿದಳು. ನಾನು ಎಷ್ಟು ಮೊರೆದರೂ ನೆತ್ತಿ ತಲುಪಿದ್ದು ಅವಳೇ ಮೊದಲು. ಅಲ್ಲಿ ಬಸ್ಸಿಗೆ ಕೈ ಮಾಡಿ, ಹತ್ತಿ, ಹಿಂತಿರುಗಿಯೂ ನೋಡದೆ ಹೋದಳು. ಅವಳು ತಲುಪುವಷ್ಟರಲ್ಲಿ ಬೇರೆಯವರು ಉಡಿ ತುಂಬಿಯಾಗಿತ್ತು. ಆಮೇಲೆ ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ, ಮಾತೇ ಬಿಟ್ಟಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅಂದು ಸಂಜೆಯೇ ಬೈಕು ಒಯ್ದು ತೋರಿಸಿದೆ. ಮೌಲಾಸಾಬ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಹಿಡಿಕೆಗೆ ಕಿವಿಗೊಟ್ಟು ಕೇಳಿದರು. ಆಮೇಲೆ ಒಂದು ಹನಿ ಆಯಿಲ್ ತೆಗೆದು ಬೆರಳ ನಡುವೆ ತಿಕ್ಕಿ, “ಏನ್ ಹಾಕೀರಿ ಸರ ಇದಕ್ಕ? ಖರೇ ಹೇಳ್ರಿ” ಎಂದರು. ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. “ಬೈಕಿನ್ಯಾಗ ಕ್ಲಚ್ ಪ್ಲೇಟೂ ಇದs ಆಯಿಲಿನ್ಯಾಗ ಮುಳುಗಿರತಾವ್ರಿ. ಅವು ಒಂದಕ್ಕೊಂದು ತಿಕ್ಕಿ ಹಿಡಕೊಂಡ್ರs ಗಾಲಿ ತಿರಗತೈತಿ. ನೀವು ತಿಕ್ಕಾಟನs ತೆಗೆದೀರಿ, ಪ್ಲೇಟು ಜಾರಾಕತ್ತಾವ. ಎಂಜಿನ್ ಹಗುರಾಗಿಲ್ಲ ಸರ, ಬರೇ ಖಾಲಿ ಕೂಗಾಕತ್ತೇತಿ.” ಹಾಗಾದರೆ ಆ ಔಷಧದಿಂದ ಏನೂ ಪ್ರಯೋಜನ ಇಲ್ಲವೇ ಎಂದೆ. “ಆಯಿಲ್ ಮಾಡೋರು ಹಾಕೋ ಮಸಾಲಿ ಎಲ್ಲಾ ಹಾಕೇ ಡಬ್ಬಿ ಕಟ್ಟಿರತಾರ್ರಿ. ತಯಾರಾದ ಸಾರಿಗೆ ಮತ್ತೊಂದ್ ಮುಷ್ಟಿ ಖಾರ ಯಾಕ? ಕಂಪನಿಯವ್ರು ಹೇಳಿದ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿ ಮಾಡಿಸ್ರಿ, ಅದs ಟಾನಿಕ್. ನೀವು ಎರಡು ಸಲ ತಪ್ಪಿಸೀರಿ, ಅದಕ್ಕs ಕಟಕಟ ಅಂತಿತ್ತು.” ಘರ್ಷಣೆ ಇಲ್ಲದಿದ್ದರೆ ಮನುಷ್ಯ ನಡೆಯಲೂ ಆಗದು, ಅದು ಅನಿವಾರ್ಯ ಕೆಡುಕು ಎಂದು ಎಂಟನೆಯ ತರಗತಿಗೆ ಪ್ರತಿವರ್ಷ ಉರು ಹೊಡೆಸುವವನು ನಾನು. ಏಳನೆಯ ಈಯತ್ತೆಯ ಮುಂದೆ ಕೈಕಟ್ಟಿ ನಿಂತು ಆ ಪಾಠ ಕೇಳಿದೆ. ಹೆಡ್‌ಮಾಸ್ತರರ ಸ್ಕೂಟರಿನ ಗತಿ ಏನು ಎಂದೂ ಕೇಳಿದೆ. ಗೇರಿಲ್ಲದ ಆ ಗಾಡಿಯಲ್ಲಿ ಕ್ಲಚ್ಚು ಆಯಿಲಿನಿಂದ ಹೊರಗೇ ಇರುತ್ತದಂತೆ. “ಅದಕ್ಕ ಏನೂ ಆಗಂಗಿಲ್ಲ ಬಿಡ್ರಿ, ಕೆಟ್ಟದ್ದೂ ಇಲ್ಲ, ಚಲೋದೂ ಇಲ್ಲ” ಎಂದರು.

ಮರುದಿನ ಸೋಮವಾರ ಎದೆ ಗಟ್ಟಿ ಮಾಡಿಕೊಂಡು ಹೆಡ್‌ಮಾಸ್ತರರ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಔಷಧ ಬರೀ ಬುರುಡೆ, ನಾನು ಮೋಸ ಹೋದೆ, ನಿಮಗೂ ತಪ್ಪು ಹೇಳಿದೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಕನಿಕರದಿಂದ ನೋಡಿದರು. “ಮೆಕ್ಯಾನಿಕ್ ಏನೋ ಹೇಳಿದಾ ಅಂತ ನೀವು ನಂಬಿಬಿಡೋದೇನ್ರಿ? ನನ್ನ ಗಾಡಿ ಬೆಣ್ಣಿ ಹಂಗ ಓಡಾಕತ್ತೇತಿ. ನಮ್ಮ ಷಡ್ಡಕಗೂ ಹೇಳೇನಿ, ಬೀಗರಿಗೂ ಹೇಳೇನಿ, ನಾಕ ಮಂದಿ ತರಿಸ್ಯಾರ. ಸೈನ್ಸ್ ಮಾಸ್ತರು ಬೋರ್ಡಿನ ಮ್ಯಾಲ ಬರದು ತೋರಿಸ್ಯಾರ ಅಂತ ಅಂದಮ್ಯಾಗs ಒಪ್ಪಿಕೊಂಡ್ರು” ಎಂದರು. ಇಲ್ಲ ಸರ್, ನಾನು ಹೇಳಿದ್ದು ತಪ್ಪು ಎಂದು ಮತ್ತೆ ಗೋಗರೆದೆ. ಅವರು ಚಹಾದ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟು ಕೇಳಿದರು:

“ತಪ್ಪು ಅನ್ನಾಕ ಪುರಾವೆ ಎಲ್ಲೈತ್ರಿ?”

ಗೇರಿಲ್ಲದ ಆ ಸ್ಕೂಟರು ಕಿಟಕಿಯಾಚೆ ಬೇವಿನ ನೆರಳಲ್ಲಿ ಆರಾಮಾಗಿ ನಿಂತಿತ್ತು. ನಾನು ತೋರಿಸಬಹುದಾದ ಪುರಾವೆ ಮನೆಯಲ್ಲಿತ್ತು, ಇನ್ನೂ ನನ್ನೊಂದಿಗೆ ಮಾತು ಬಿಟ್ಟಿತ್ತು.