ನಿಲ್ಲಿಸಿ ನಿಲ್ಲಿಸಿ ತೋರಿಸಿದ ಸಿನಿಮಾ

ಯಾವುದನ್ನೂ ಸುಲಭಕ್ಕೆ ನಂಬಬಾರದು ಎಂಬುದು ನಾನು ವಿಶ್ವವಿದ್ಯಾಲಯದಲ್ಲಿ ಕಲಿತು ಉಳಿಸಿಕೊಂಡ ಒಂದೇ ವಿದ್ಯೆ. ಉಳಿದದ್ದೆಲ್ಲ ಪರೀಕ್ಷೆಯ ಮರುದಿನವೇ ನನ್ನನ್ನು ಬಿಟ್ಟು ಹೋಯಿತು. ಇತಿಹಾಸ ಓದಿ ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುವವನಾದ್ದರಿಂದ ಶಾಸನವನ್ನು ನಂಬುವುದಿಲ್ಲ, ಪತ್ರಿಕೆಯನ್ನು ನಂಬುವುದಿಲ್ಲ, ಮದುವೆ ಕಾರ್ಡಿನಲ್ಲಿ ಅಚ್ಚಾಗಿರುವ ಮುಹೂರ್ತವನ್ನಂತೂ ನಂಬುವುದೇ ಇಲ್ಲ. ಎಲ್ಲಕ್ಕಿಂತ ಕಡಿಮೆ ನಂಬುವುದು ನನ್ನ ನೆನಪನ್ನು. ಮನೆಗೆ ಕೀಲಿ ಹಾಕಿ ಬಸ್‌ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಹಾಕಿದ್ದೇನೋ ಇಲ್ಲವೋ ಎಂದು ಅನುಮಾನ ಬಂದು ಮರಳಿ ಹೋಗುತ್ತೇನೆ. ಹಾಕಿರುತ್ತದೆ. ಮತ್ತೆ ಬಸ್‌ಸ್ಟ್ಯಾಂಡಿಗೆ ಬರುವಾಗ, ಈಗ ನೋಡಿದ್ದು ಇವತ್ತಿನ ಕೀಲಿಯೋ ನಿನ್ನೆ ನೋಡಿದ್ದರ ನೆನಪೋ ಎಂದು ಇನ್ನೊಂದು ಅನುಮಾನ ಹುಟ್ಟುತ್ತದೆ. "ನಿಮ್ಮಂಥವರು ಊರಿಗೆ ಹೋಗೂದ ಬ್ಯಾಡ್ರಿ, ಬಾಗಲದಾಗ ಕುಂದರ್ರಿ" ಎಂದು ಹೆಂಡತಿ ಎಂದೋ ಹೇಳಿದ್ದಾಳೆ. ಅಥವಾ ಅದನ್ನು ಹೇಳಿದ್ದು ಅವಳ ತಮ್ಮ.

ಇಷ್ಟೆಲ್ಲ ಅನುಮಾನದ ನಡುವೆ ಒಂದೇ ಒಂದು ನೆನಪನ್ನು ಮಾತ್ರ ನಾನು ಕಲ್ಲಿನಷ್ಟು ಗಟ್ಟಿ ಎಂದು ನಂಬಿದ್ದೆ. ಅದು ನಮ್ಮ ಮನೆಯಲ್ಲಿ ಎರಡನೇ ಒಲೆ ಬಂದ ದಿನದ ನೆನಪು. ನಮ್ಮ ಊರು ಮುಂಡಗೋಡ ತಾಲೂಕಿನ ಮಳಗಿ. ನಮ್ಮ ಅವ್ವ ಗಂಗವ್ವ, ದೊಡ್ಡವ್ವ ಪಾರವ್ವ, ಇಬ್ಬರೂ ಒಡಹುಟ್ಟಿದ ಅಕ್ಕ ತಂಗಿಯರು. ಅಣ್ಣ ತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ನಾನು ಒಂದನೇ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಅವ್ವ ಬಡಿದ ರೊಟ್ಟಿಯನ್ನು ದೊಡ್ಡವ್ವ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಚಕ್ಕಡಿಗೆ ಗಾಲಿ ಮಾಡಬಹುದು" ಅಂದಳು. ನಾನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ. ಅವತ್ತು ಮಾತು ನಿಂತಿತು, ಮರುದಿನ ಎರಡನೇ ಒಲೆ ಬಂತು. ಅಂದಿನಿಂದ ಅದೇ ಅಡಿಗೆಮನೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಇಬ್ಬರೂ ಬೇರೆ ಬೇರೆ ಅಡಿಗೆ ಮಾಡುತ್ತಾರೆ.

ಮಾತು ನಿಂತಿತು ಎಂದರೆ ಮೌನ ಎಂದು ತಿಳಿಯಬೇಡಿ. ನಮ್ಮ ಮನೆಯಷ್ಟು ಮಾತು ಆ ಓಣಿಯಲ್ಲೇ ಇರಲಿಲ್ಲ. ನೇರ ಮಾತಷ್ಟೇ ಇಲ್ಲ. ದೊಡ್ಡಪ್ಪನ ಮಗನ ಹೆಂಡತಿ ಶೋಭಾ ವೈನಿ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಇಬ್ಬರ ನಡುವೆ ಟೆಲಿಫೋನ್ ತಂತಿಯಾಗಿದ್ದಾಳೆ. "ಶೋಭಾ, ಮಜ್ಜಿಗಿ ಬೇಕಾದವರು ತಗೊಂಡು ಹೋಗಬಹುದು ಅಂತ ಹೇಳು" ಎಂದು ದೊಡ್ಡವ್ವ ಹೇಳುತ್ತಾಳೆ, ಮಜ್ಜಿಗೆ ಬೇಕಾದವಳು ಒಂದು ಮಾರು ದೂರದಲ್ಲಿ ಕೂತಿರುತ್ತಾಳೆ. ವೈನಿ ತವರಿಗೆ ಹೋದರೆ ಆ ಕೆಲಸ ಎಮ್ಮೆಗೆ ಬೀಳುತ್ತದೆ. "ಏನವಾ, ಯಾರೋ ಬಾವಿ ಹಗ್ಗ ಬಿಸಲಾಗ ಬಿಟ್ಟು ಬಂದಾರಲ್ಲ" ಎಂದು ಅವ್ವ ಎಮ್ಮೆಗೆ ಹೇಳುತ್ತಾಳೆ. ಒಳಗಿನಿಂದ ದೊಡ್ಡವ್ವ ಬಂದು, "ತರತೇನಿ ಅಂತ ಹೇಳು" ಎಂದು ಅದೇ ಎಮ್ಮೆಗೆ ಹೇಳುತ್ತಾಳೆ. ಎಮ್ಮೆ ಎರಡೂ ಕಡೆಯ ಮಾತು ಕೇಳಿ ಮೆಲುಕು ಹಾಕುತ್ತದೆ. ಅಪ್ಪ, ದೊಡ್ಡಪ್ಪ ಇರುವ ತನಕ ಯಾವ ಒಲೆಯ ಊಟ ಬಂದರೂ ಚಲೋ ಆಗೇದ ಎನ್ನುತ್ತ ಕಾಲ ಕಳೆದರು. ಈಗ ಅವರಿಬ್ಬರೂ ಇಲ್ಲ. ಇವರಿಬ್ಬರಿಗೂ ಮಂಡಿನೋವು. ಇನ್ನು ಯಾವಾಗ ಮಾತಾಡಿಯಾರು ಎಂಬುದು ಕೆಲವು ವರ್ಷಗಳಿಂದ ನನ್ನ ಎದೆಯಲ್ಲಿ ಕೂತ ಚಿಂತೆ.

ಈ ಕಥೆಯನ್ನು ನಾನು ಧಾರವಾಡದಲ್ಲಿ ನನ್ನ ಜೊತೆ ಓದಿದ ವಿನಾಯಕನಿಗೆ ಹೇಳಬಾರದಿತ್ತು. ಅವನು ಮದುವೆ ವಿಡಿಯೊ ತೆಗೆದು ಹೊಟ್ಟೆ ಹೊರೆಯುತ್ತ, ಇವತ್ತಲ್ಲ ನಾಳೆ ನಿಜವಾದ ಸಿನಿಮಾ ತೆಗೆಯುತ್ತೇನೆ ಎಂದು ಕಾದು ಕೂತವನು. ಅತ್ತಿವೇರಿಯಲ್ಲಿ ಪರಿಚಯದವರ ಮನೆ ಸಿಕ್ಕಿತು, ಹುಬ್ಬಳ್ಳಿಯಿಂದ ನಾಟಕದ ಇಬ್ಬರು ನಟಿಯರು ಬಂದರು, ಎಲ್ಲರ ಊಟ ಸಿನಿಮಾಕ್ಕೆಂದು ಹಾಕಿದ ಎರಡು ಒಲೆಯಲ್ಲೇ ಆಯಿತು, ಸಿನಿಮಾ ಮುಗಿಯಿತು. ಹೆಸರು 'ಎರಡನೇ ಒಲೆ'. ಕಥೆ ನನ್ನದು. ರೊಟ್ಟಿ ಎತ್ತಿ ಹಿಡಿಯುವ ದೃಶ್ಯವನ್ನು ವಿನಾಯಕ ಎಷ್ಟು ಪ್ರೀತಿಯಿಂದ ತೆಗೆದಿದ್ದಾನೆಂದರೆ, ಆ ರೊಟ್ಟಿ ತಟ್ಟೆಯಿಂದ ನಟಿಯ ಮುಖದ ತನಕ ಏರುವಷ್ಟರಲ್ಲಿ ಪ್ರೇಕ್ಷಕ ಹೊರಗೆ ಹೋಗಿ ಚಹಾ ಕುಡಿದು ಬರಬಹುದು. ಯಾವ ಟಾಕೀಸಿನವರೂ ನಮ್ಮನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. "ಪ್ರೇಕ್ಷಕರು ಬರದಿದ್ರ ನಾವ ಪ್ರೇಕ್ಷಕರ ಕಡೆ ಹೋಗೂಣು" ಎಂದು ವಿನಾಯಕ ತನ್ನ ಮಾವನ ಮೆಣಸಿನಕಾಯಿ ಟೆಂಪೊದಲ್ಲಿ ಪ್ರೊಜೆಕ್ಟರು, ಸ್ಪೀಕರು, ಹೊಲಿಸಿದ ಬಿಳಿ ಪರದೆ ಹೇರಿದ. ಕೊನೆಯ ಪ್ರದರ್ಶನ ಮಳಗಿಯಲ್ಲಿ ಎಂದು ಅವನೇ ತೀರ್ಮಾನಿಸಿದ. ಅವ್ವ, ದೊಡ್ಡವ್ವ ಇಬ್ಬರೂ ಇದನ್ನು ನೋಡಿ ಮಾತಾಡಲೂಬಹುದು, ಅಥವಾ ನಾಲ್ಕು ಜನರೆದುರು ಮರ್ಯಾದೆ ಹೋಯಿತೆಂದು ನನ್ನ ಜೊತೆಗೂ ಮಾತು ಬಿಡಬಹುದು. ಆಗ ನನಗೂ ಎಮ್ಮೆಯೇ ಗತಿ.

ಮೊದಲ ಪ್ರದರ್ಶನ ದಾಂಡೇಲಿಯಲ್ಲಿ, ಕಾರ್ಮಿಕರ ವಸತಿಯ ಒಂದು ಸಭಾಂಗಣದಲ್ಲಿ. ಅವತ್ತು ಮಳೆ ಇತ್ತು ಎಂದು ನಾನು ಹೇಳುತ್ತೇನೆ, ಇರಲಿಲ್ಲ ಎಂದು ವಿನಾಯಕ ಹೇಳುತ್ತಾನೆ. ಜನ ಸೀನುತ್ತಿದ್ದದ್ದು ಮಾತ್ರ ನಿಜ. ಅದು ಮಳೆಯಿಂದಲೋ ಪರದೆಗೆ ಹತ್ತಿದ್ದ ಮೆಣಸಿನ ಘಾಟಿನಿಂದಲೋ ಈಗ ಹೇಳಲಾಗದು. ಸಿನಿಮಾ ಮುಗಿದ ಮೇಲೆ ಸಂವಾದ ಇರಬೇಕು ಎಂದು ವಿನಾಯಕ ಎಲ್ಲೋ ಓದಿಕೊಂಡಿದ್ದ. ಹಿಂದಿನ ಸಾಲಿನಿಂದ ನಿವೃತ್ತರೊಬ್ಬರು ಎದ್ದು, "ಎಲ್ಲಾ ಚಲೋ ಐತ್ರಿ. ಆದ್ರ ರೊಟ್ಟಿ ಸಲುವಾಗಿ ಯಾರರೆ ಮಾತ ಬಿಡ್ತಾರೇನ್ರಿ? ಹಿಂದ ಜಾಗಾದ್ದೋ ಬಂಗಾರದ್ದೋ ಏನರೆ ಇರಬೇಕ ನೋಡ್ರಿ" ಅಂದರು. ನಾನು ಕಣ್ಣಾರೆ ಕಂಡದ್ದು ಎಂದೆ. "ಕಂಡೀರಿ, ಖರೆ. ನಿಮಗ ಎಷ್ಟು ತೋರಿಸ್ಯಾರೋ ಅಷ್ಟ ಕಂಡೀರಿ" ಎಂದು ಅವರು ಕೂತರು. ತರಗತಿಯಲ್ಲಿ ನಾನು ಹೇಳಬೇಕಾದ ಮಾತನ್ನು ದಾಂಡೇಲಿಯವರೊಬ್ಬರು ನನಗೆ ಹೇಳಿದ್ದು ಸ್ವಲ್ಪ ಚುಚ್ಚಿತು.

ಹಳಿಯಾಳದಲ್ಲಿ ನಮ್ಮ ಕಾಲೇಜಿನವರೇ ಮುಂದೆ ನಿಂತು ಮಾಡಿಸಿದರು. ಹೀಗಾಗಿ ಸನ್ಮಾನ ತಪ್ಪಲಿಲ್ಲ. ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು, ಹಾರ. ಅವರು ಹಾರ ತೆಗೆದಿಡಲು ಜಾಗವಿಲ್ಲದೆ ಪ್ರೊಜೆಕ್ಟರಿನ ಮೇಲಿಟ್ಟರು. ಮುಖ್ಯ ಅತಿಥಿಗಳು ಸಿನಿಮಾ ಅದ್ಭುತವಾಗಿದೆ, ಕಣ್ಣಲ್ಲಿ ನೀರು ತರಿಸಿತು ಎಂದು ಹೇಳಿ, ಸಿನಿಮಾ ಶುರುವಾಗುವ ಮೊದಲೇ ಇನ್ನೊಂದು ಕಾರ್ಯಕ್ರಮಕ್ಕೆ ಹೋದರು. ಅವರ ಅಭಿಪ್ರಾಯವೇ ನಮಗೆ ಸಿಕ್ಕ ಅತ್ಯುತ್ತಮ ವಿಮರ್ಶೆ. ಅಲ್ಲಿಯೂ ಸಂವಾದದಲ್ಲಿ ಒಬ್ಬಾಕೆ, ದೊಡ್ಡ ಸೊಸೆ ಹಾಗೆ ಅಂದಿರಲಾರಳು, ಅದು ಚಿಕ್ಕ ಸೊಸೆಗೆ ಹಾಗೆ ಕೇಳಿಸಿರಬೇಕು ಎಂದಳು. ಹೊಸ್ತಿಲ ಮೇಲಿದ್ದವನು ನಾನು, ಕೇಳಿಸಿದ್ದು ನನಗೆ ಎಂದು ವಾದಿಸಿದೆ. ವಾದಿಸುವಾಗಲೇ ನಮ್ಮ ಅಡಿಗೆಮನೆಗೆ ಆಗ ಹೊಸ್ತಿಲು ಇತ್ತೇ ಎಂಬ ಅನುಮಾನ ಬಂದು ಮೈಕು ಪಕ್ಕದವರಿಗೆ ಕೊಟ್ಟುಬಿಟ್ಟೆ.

ಜೋಯಿಡಾದಲ್ಲಿ ಜನ ನಾವು ಅಳಬೇಕೆಂದುಕೊಂಡಲ್ಲೆಲ್ಲ ನಕ್ಕರು. ಮುಗಿದ ಮೇಲೆ ಒಬ್ಬ ಅಜ್ಜಿ ಎದ್ದು ಕೊಂಕಣಿಯಲ್ಲಿ ಬಹಳ ಹೊತ್ತು ಮಾತಾಡಿದಳು. ಕೈ ಬೀಸಿದಳು, ಪರದೆಯ ಕಡೆ ತೋರಿಸಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಪಕ್ಕದಲ್ಲಿದ್ದ ಶಾಲೆಯ ಮೇಷ್ಟ್ರು ಕನ್ನಡ ಮಾಡಿ, "ಚಲೋ ಐತಿ ಅಂತಾರ" ಎಂದು ಮುಗಿಸಿದರು. ಅಷ್ಟೇ ಇರಲಾರದು ಎಂದು ನಾನು ಹಟ ಹಿಡಿದೆ. ಮೇಷ್ಟ್ರು ಸಂಕೋಚದಿಂದ, "ಅವರ ಮನ್ಯಾಗ ಯಾರೂ ರೊಟ್ಟಿ ಮಾಡೂದ ಇಲ್ಲಂತ್ರಿ. ಅನ್ನ ಉಣ್ಣವರು. ಆದ್ರೂ ಒಲಿ ಮೂರು ಅದಾವಂತ. ನಿಮ್ಮ ಸಿನಿಮಾದಾಗ ಕಾರಣ ತಪ್ಪೈತಿ ಅಂತಾರ" ಎಂದರು. ಬರುವಾಗ ಉಳವಿ ಕಡೆಯಿಂದ ಬರುವ ಜೀಪುಗಳಿಗೆ ದಾರಿ ಬಿಟ್ಟುಕೊಟ್ಟು ಕಾಡಿನ ತಿರುವಿನಲ್ಲಿ ಟೆಂಪೊ ನಿಲ್ಲಿಸಿದಾಗ ವಿನಾಯಕ ಕೇಳಿದ: "ಖರೇನ ರೊಟ್ಟಿ ಏನಲೇ?" "ಮದಲ ಅಡಿಗಿಮನಿಗೆ ಹೊಸ್ತಿಲ ಇತ್ತೋ ಇಲ್ಲೋ ನೋಡಬೇಕಲೇ" ಎಂದೆ. ಅವನು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟುಕೊಂಡ.

ಮಳಗಿಯಲ್ಲಿ ಭಾನುವಾರ ಮಧ್ಯಾಹ್ನ, ಸಮುದಾಯ ಭವನದಲ್ಲಿ. ಬೆಳಕು ಬರದಂತೆ ಕಿಟಕಿಗಳಿಗೆ ತಾಡಪತ್ರಿ ಕಟ್ಟಿದ್ದರು. ಊರಿನ ನಾಟಕಗಳನ್ನೆಲ್ಲ ಆಡಿಸುವ ಬಸಪ್ಪ ಕಾಕಾ ಯಾರೂ ಹೇಳದಿದ್ದರೂ ಮೈಕು ಹಿಡಿದು ಪರದೆಯ ಪಕ್ಕ ಕುರ್ಚಿ ಹಾಕಿಕೊಂಡಿದ್ದರು. ಎದುರು ಸಾಲಿನಲ್ಲಿ ಅವ್ವ, ಶೋಭಾ ವೈನಿ, ದೊಡ್ಡವ್ವ, ಇದೇ ಕ್ರಮದಲ್ಲಿ ಕೂತರು. ನಾನು ಕಂಬದ ಹಿಂದೆ ನಿಂತೆ.

ನಮ್ಮ ಕಡೆಯ ನಾಟಕ ನೋಡಿದವರಿಗೆ ಆಯೇರಿ ಗೊತ್ತಿರುತ್ತದೆ. ಪಾತ್ರ ಮನಸ್ಸಿಗೆ ಬಂದರೆ ನೋಡುವವರು ಎದ್ದು ಉಡುಗೊರೆ ಕೊಡುತ್ತಾರೆ. ಆಗ ರಾಜನಿರಲಿ ರಾಕ್ಷಸನಿರಲಿ ಕತ್ತಿ ಎತ್ತಿದ ಕೈ ಎತ್ತಿದಲ್ಲೇ ನಿಲ್ಲಿಸಬೇಕು. ಕೊಟ್ಟವರ ಹೆಸರು ಮೈಕಿನಲ್ಲಿ ಹೇಳಿದ ಮೇಲೆಯೇ ಯುದ್ಧ ಮುಂದುವರಿಯುವುದು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಟಾವೆಲ್ ತಂದು ಬಸಪ್ಪ ಕಾಕಾರ ಕೈಗೆ ಕೊಟ್ಟರು. ಕಾಕಾ ವಿನಾಯಕನ ಕಡೆ ತಿರುಗಿ, "ನಿಂದರಸ್ರಿ" ಎಂದರು.

"ಕಾಕಾ, ಇದು ಸಿನಿಮಾ. ನಡುವ ನಿಂದರಸಾಕ ಬರೂದಿಲ್ಲ."

"ಬಟನ್ ಇಲ್ಲೇನು?"

"ಬಟನ್ ಐತಿ."

"ಮತ್ತ?"

ವಿನಾಯಕ ಬಟನ್ ಒತ್ತಿದ. ಸಿನಿಮಾ ನಿಂತಿತು. ಹುಬ್ಬಳ್ಳಿಯಲ್ಲಿ ತನ್ನ ಮನೆಯಲ್ಲಿ ಮಲಗಿದ್ದಿರಬಹುದಾದ ನಟಿಗೆ ಮಳಗಿಯಲ್ಲಿ ಟಾವೆಲ್ ಆಯೇರಿ ಆಯಿತು. ಅವಳು ಪರದೆಯ ಮೇಲೆ ಅರ್ಧ ಕಣ್ಣು ಮುಚ್ಚಿ, ಸೀನು ಬಂದವರ ಹಾಗೆ ನಿಂತು ಅದನ್ನು ಸ್ವೀಕರಿಸಿದಳು. ಆಮೇಲೆ ಜನಕ್ಕೆ ಧೈರ್ಯ ಬಂತು. ತೆಂಗಿನಕಾಯಿ ಬಂತು, ಕುಬಸದ ಬಟ್ಟೆ ಬಂತು, ಎಮ್ಮೆ ಚಲೋ ಪಾತ್ರ ಮಾಡಿದೆ ಎಂದು ಯಾರೋ ಒಂದು ಸಿವುಡು ಹಸಿ ಮೇವು ಕೂಡ ಕೊಟ್ಟರು. ಪ್ರತಿ ಸಲ ನಿಲ್ಲಿಸಿದಾಗಲೂ ವಿನಾಯಕ, ತನ್ನ ಸಿನಿಮಾದ ಲಯ ಸತ್ತಿತು ಎಂದು ನನ್ನ ಕಿವಿಯಲ್ಲಿ ಗೊಣಗಿದ. ಸತ್ತದ್ದು ಯಾರಿಗೂ ಗೊತ್ತಾದಂತೆ ಕಾಣಲಿಲ್ಲ.

ರೊಟ್ಟಿಯ ದೃಶ್ಯ ಬಂತು. ರೊಟ್ಟಿ ಮೇಲೇರುತ್ತಿತ್ತು. ಚಕ್ಕಡಿ ಗಾಲಿಯ ಮಾತು ಮುಗಿಯಿತು. ಭವನದಲ್ಲಿ ಯಾರೂ ನಗಲಿಲ್ಲ; ಊರಿಗೆಲ್ಲ ಇದು ಯಾರ ಮನೆ ಎಂದು ಅಷ್ಟು ಹೊತ್ತಿಗೆ ತಿಳಿದುಹೋಗಿತ್ತು. ಆಗ ಅವ್ವ ಎದ್ದು ಚೀಲದಿಂದ ಒಂದು ಹಸಿರು ಕುಬಸ ತೆಗೆದು, ಬಸಪ್ಪ ಕಾಕಾರ ಕಿವಿಯಲ್ಲಿ ಏನೋ ಹೇಳಿ ಬಂದು ಕೂತಳು. ಸಿನಿಮಾ ನಿಂತಿತು. ಕಾಕಾ ಕೆಮ್ಮಿದರು.

"ದೊಡ್ಡ ಸೊಸಿ ಪಾತ್ರ ಮೆಚ್ಚಿ ನಮ್ಮ ಗಂಗವ್ವಾರು ಒಂದು ಕುಬಸ ಆಯೇರಿ ಮಾಡ್ಯಾರ. ಜೊತಿಗೆ ಒಂದು ಮಾತು ಹೇಳಂದಾರ. ನಮ್ಮಕ್ಕ ಹಿಂಗ ಅಂದಾಕಿ ಅಲ್ಲ. ಇದನ್ನ ಬರದಾವರು ಸುಳ್ಳ ಬರದಾರ ಅಂತ ಅವರ ಹೇಳಿಕಿ."

ಎಲ್ಲರೂ ಕಂಬದ ಕಡೆ ನೋಡಿದರು. ಕಂಬ ನನಗಿಂತ ತೆಳ್ಳಗಿತ್ತು. ಪರದೆಯ ಮೇಲೆ ರೊಟ್ಟಿ ಹಿಡಿದ ನಟಿ ಬಾಯಿ ತೆರೆದುಕೊಂಡೇ ನಿಂತಿದ್ದಳು. ದೊಡ್ಡವ್ವ ನಿಧಾನಕ್ಕೆ ಮಂಡಿ ಹಿಡಿದುಕೊಂಡು ಎದ್ದಳು. ಅವಳ ಬಳಿ ಕುಬಸ ಇರಲಿಲ್ಲ. ವೈನಿಯ ತಲೆಯಲ್ಲಿದ್ದ ಮಲ್ಲಿಗೆಯ ತುಂಡು ಬಿಚ್ಚಿ ಕಾಕಾರ ಕೈಯಲ್ಲಿಟ್ಟಳು.

"ಸಣ್ಣ ಸೊಸಿ ಪಾತ್ರಕ್ಕ ಪಾರವ್ವಾರಿಂದ ಹೂವು ಆಯೇರಿ" ಎಂದು ಕಾಕಾ ಕೂಗಿದರು. "ತಂಗಿ ರೊಟ್ಟಿ ಎಂದೂ ದಪ್ಪ ಬಡದಾಕಿ ಅಲ್ಲ. ಎರಡನೇ ಒಲಿ ಹಾಕಿದ್ದು, ಮದಲಿನ ಒಲಿ ಹೊಗಿ ಆಡತಿತ್ತು, ಅದಕ್ಕ ಅಂತ ಹೇಳ್ಯಾರ."

"ಅದಕ್ಕ ಹಾಕಿದ್ದಲ್ಲ" ಅಂದಳು ಅವ್ವ. ಕಾಕಾರಿಗಲ್ಲ, ವೈನಿಗಲ್ಲ; ವೈನಿಯ ಎದುರಿನಿಂದ ಕತ್ತು ಚಾಚಿ, ದೊಡ್ಡವ್ವನ ಮುಖಕ್ಕೆ ಅಂದಳು. "ನೀರು ಕಾಸಾಕ ಹಾಕಿದ್ದು ಅಕ್ಕಾ. ಬಾಣಂತಿ ಇದ್ನಿ ನಾ."

"ಯಾವ ಬಾಣಂತಿ? ಮಂಜು ಇನ್ನೂ ಹುಟ್ಟಿದ್ದಿಲ್ಲ ಆವಾಗ."

"ಹುಟ್ಟಿದ್ದ. ತೊಟ್ಟಲದಾಗ ಇದ್ದ. ನೀನ ತೂಗತಿದ್ದಿ."

"ನಿನಗ ನೆನಪಿಲ್ಲ ಗಂಗೀ. ಸುಮ್ಮನ ಕೂಡು."

ಮಂಜು ಎಂದರೆ ನಾನು. ಶೋಭಾ ವೈನಿ ಅವರಿಬ್ಬರ ನಡುವೆ ಸಾಧ್ಯವಾದಷ್ಟು ಹಿಂದೆ ಒರಗಿ, ದಾರಿ ಬಿಟ್ಟುಕೊಟ್ಟು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಕತ್ತಲಲ್ಲಿ ತಿಳಿಯಲಿಲ್ಲ. ಬಟನ್ ಒತ್ತಲು ವಿನಾಯಕನಿಗೆ ಯಾರೂ ಹೇಳಲಿಲ್ಲ, ಅವನೂ ಒತ್ತಲಿಲ್ಲ. ನಾನು ಹುಟ್ಟಿದ್ದೆನೋ ಇಲ್ಲವೋ ಎಂಬ ಜಗಳ ಸಿನಿಮಾದ ಉಳಿದ ಭಾಗಕ್ಕಿಂತ ಚೆನ್ನಾಗಿತ್ತು ಎಂದು ಊರಿನವರ ಅಭಿಪ್ರಾಯ. ಕೊನೆಯ ಭಾಗವನ್ನು ಮಳಗಿಯವರು ಇವತ್ತಿಗೂ ನೋಡಿಲ್ಲ, ತೋರಿಸಿ ಎಂದು ಕೇಳಿಯೂ ಇಲ್ಲ.

ಈಗಲೂ ಒಲೆ ಎರಡೇ ಇವೆ. ಇಷ್ಟು ವರ್ಷದ ರೂಢಿ, ಯಾರ ಮೆಣಸಿನ ಡಬ್ಬಿ ಯಾರ ಕೈಗೆ ಎಲ್ಲಿ ಸಿಗಬೇಕು ಎಂಬುದನ್ನು ಬದಲಿಸುವುದು ಸುಲಭವಲ್ಲ. ಆದರೆ ಮಾತು ನಿಂತಿಲ್ಲ. ಬೆಳಿಗ್ಗೆ ಎದ್ದಕೂಡಲೇ ಶುರು: ತೊಟ್ಟಿಲು ಪಡಸಾಲೆಯಲ್ಲಿತ್ತೋ ದೇವರಮನೆಯ ಬಾಗಿಲಲ್ಲಿತ್ತೋ. ನಿಜವಾದ ಕಾರಣ ಏನು ಎಂದು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದೆ. ಇಬ್ಬರೂ ಒಂದೇ ಉಸಿರಿನಲ್ಲಿ, "ನಿನಗ್ಯಾಕ ಬೇಕು" ಎಂದರು. ಅವರಿಬ್ಬರೂ ಪೂರ್ತಿ ಒಪ್ಪಿಕೊಂಡ ಮಾತು ನನಗೆ ತಿಳಿದಂತೆ ಅದೊಂದೇ.

ವಿನಾಯಕ ಸಿನಿಮಾ ತಿದ್ದುತ್ತೇನೆ ಎನ್ನುತ್ತಿದ್ದಾನೆ. ಹೊಸ್ತಿಲ ಮೇಲಿನ ಹುಡುಗನನ್ನು ತೆಗೆದುಹಾಕುತ್ತಾನಂತೆ, ಹುಟ್ಟದವನನ್ನು ಕೂರಿಸುವುದು ಹೇಗೆ ಎನ್ನುತ್ತಾನೆ. ನಾನು ತಡೆದಿದ್ದೇನೆ. ಹುಡುಗನನ್ನು ತೆಗೆಯುವುದು ಬೇಡ, ತೊಟ್ಟಿಲಲ್ಲಿ ಮಲಗಿಸಿದರೆ ಸಾಕು ಎಂದು ಹೇಳಿದ್ದೇನೆ. ಯಾಕೆಂದರೆ ಈ ನಡುವೆ ನನಗೆ ಎಲ್ಲವೂ ಸ್ಪಷ್ಟವಾಗಿ ನೆನಪಾಗತೊಡಗಿದೆ: ತೊಟ್ಟಿಲು ಪಡಸಾಲೆಯಲ್ಲೇ ಇತ್ತು, ಹಗ್ಗ ಕಿರುಗುಟ್ಟುತ್ತಿತ್ತು, ದೊಡ್ಡವ್ವ ತೂಗುತ್ತಿದ್ದಳು, ಒಳಗಿನಿಂದ ಹೊಗೆ ಬರುತ್ತಿತ್ತು. ನಾನು ಮಲಗಿದಲ್ಲಿಂದಲೇ ಕತ್ತು ಎತ್ತಿ ನೋಡಿದೆ.