ಹನ್ನೊಂದು ಕೋಳಿ, ಹತ್ತು ಮೊಟ್ಟೆ

ಇಷ್ಟಕ್ಕೆಲ್ಲ ಕಾರಣ ಒಂದು ಖಾಲಿ ಬಾಣಲೆ. ಒಲೆಯ ಮೇಲೆ ಎಣ್ಣೆ ಕಾಯಲು ಇಟ್ಟು ಹೆಂಡತಿ ಹಿತ್ತಲಿಗೆ ಹೋದಳು. ಹನ್ನೊಂದು ಕೋಳಿಗಳ ಗೂಡಿಗೆಲ್ಲ ಕೈ ಹಾಕಿ ತಡಕಿದಳು. ಕೈಗೆ ಸಿಕ್ಕಿದ್ದು ಒಂದು ಹಿಡಿ ಪುಕ್ಕ. ಅವಳು ವಾಪಸು ಬರುವ ಹೊತ್ತಿಗೆ ಎಣ್ಣೆ ಹೊಗೆಯಾಡುತ್ತಿತ್ತು. ಅದಕ್ಕಿಂತ ಜೋರಾಗಿ ಅವಳು ಹೊಗೆಯಾಡುತ್ತಿದ್ದಳು.

"ಐವತ್ತು ದಿನ ಆಯ್ತು ರೀ, ಒಂದು ಮೊಟ್ಟೆ ಇಲ್ಲ! ಮೂರು ಹೊತ್ತೂ ತಿಂದು ತೇಗೋದು ಬಿಟ್ರೆ ಇವಕ್ಕೆ ಬೇರೆ ಕೆಲಸ ಇದ್ಯಾ?"

"ಚಳಿ ಕಣೇ, ಪಾಪ..." ಎಂದ ಗಂಡ.

"ಚಳಿ ನಂಗೂ ಇದೆ. ನಾನು ಅಡಿಗೆ ಮಾಡೋದು ಬಿಟ್ಟಿದೀನಾ? ಕೇಳಿಸ್ಕೊಳ್ಳಿ. ಸಾಯಂಕಾಲ ನಾನು ಬರೋ ಹೊತ್ತಿಗೆ ಗೂಡಲ್ಲಿ ಮೊಟ್ಟೆ ಕಾಣ್ಲಿಲ್ಲ ಅಂದ್ರೆ, ನಾಳೆ ಬೆಳಗ್ಗೆ ಮಾಂಸದಂಗಡಿಯವನಿಗೆ ಹೇಳಿಕಳಿಸ್ತೀನಿ."

"ಅವುಗಳ ಕಷ್ಟ ಏನು ಅಂತ ಒಂದು ಮಾತು..."

"ಕೋಳಿ ಕೇಳಿ ಯಾರಾದ್ರೂ ಮಸಾಲೆ ಅರೀತಾರಾ?" ಎಂದವಳೇ ಚೀಲ ಹೆಗಲಿಗೇರಿಸಿಕೊಂಡು ತನ್ನ ಹೊಲಿಗೆ ಅಂಗಡಿಗೆ ಹೊರಟುಹೋದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವಳದಲ್ಲ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಹಿಂದಕ್ಕೆ ಹೋದದ್ದೆಲ್ಲ ಗಂಡನ ಮಾತೇ.

ಗಂಡ ಗಡಿಯಾರ ರಿಪೇರಿ ಮಾಡುವವನು. ಬೀದಿಯವರ ಬಾಯಲ್ಲಿ ಅವನು 'ಮುಳ್ಳು ಮಾಮ'. ಹೆಸರಿಗೆ ಮುಳ್ಳು, ಮನಸ್ಸು ಅರಳೆ. ಹಿತ್ತಲ ಕಿಟಕಿಗೆ ಒತ್ತಿ ಅವನ ಕೆಲಸದ ಮೇಜು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮಟದಲ್ಲಿ ಚಕ್ರ ಎತ್ತುತ್ತಾ, ಮಧ್ಯೆ ಮಧ್ಯೆ ಕೋಳಿಗಳ ಜೊತೆ ಮಾತಾಡುತ್ತಾ ಅವನ ದಿನ ಕಳೆಯುತ್ತಿತ್ತು. ಅವುಗಳಲ್ಲಿ ಕುಂಟಿಯೆಂದರೆ ಅವನಿಗೆ ಜೀವ. ಮರಿಯಾಗಿದ್ದಾಗ ಅದರ ಕಾಲು ಮುರಿದಿತ್ತು. ಹಳೇ ಗೋಡೆ ಗಡಿಯಾರದ ನಿಮಿಷದ ಮುಳ್ಳನ್ನೇ ದಬ್ಬೆಯಾಗಿ ಕಟ್ಟಿ ಬದುಕಿಸಿದ್ದವನು ಅವನೇ. ಆ ಕುಂಟಿಯ ಕತ್ತು ಮಾಂಸದಂಗಡಿಯವನ ಕೈಯಲ್ಲಿ!

ಇಂಥ ಮಾತು ಬೇಲಿ ಹಾರಲು ಎಷ್ಟು ಹೊತ್ತು ಬೇಕು? ಎಡಗಡೆ ಮನೆಯ ಕಂಡಕ್ಟರ್ ಹಲ್ಲುಜ್ಜುತ್ತಲೇ ಬಂದ.

"ಮಾಮ, ನಿಮ್ಮ ಕೋಳಿಗಳಿಗೆ ಶಿಸ್ತು ಇಲ್ಲ, ಅಷ್ಟೇ. ನನ್ನ ಬಸ್ಸಲ್ಲಿ ಎಂಬತ್ತು ಜನ ಹೇಗೆ ಒಳಗೆ ಹೋಗ್ತಾರೆ? ಒಂದು ಸೀಟಿ!" ಎಂದು ಜೇಬಿನಿಂದ ಸೀಟಿ ತೆಗೆದು ಊದಿಯೇಬಿಟ್ಟ. ಒಂಬತ್ತು ಕೋಳಿ ಹೆಂಚಿನ ಮಾಡಿಗೆ ಹಾರಿದವು. ಒಂದು ನೀರಿನ ತೊಟ್ಟಿಗೆ ಬಿತ್ತು. ಕುಂಟಿ ಮಾತ್ರ ಕದಲಲಿಲ್ಲ, ಬಸ್ಸಿಗೆ ಕಾಯುವ ಅಜ್ಜಿಯ ಹಾಗೆ ಅವನನ್ನೇ ನೋಡುತ್ತಾ ನಿಂತಿತು.

"ಅಯ್ಯೋ, ನಿಲ್ಸಪ್ಪಾ!" ಎನ್ನುತ್ತಾ ಬಲಗಡೆ ಮನೆಯ ನರ್ಸಮ್ಮ ಬಂದಳು. ಕುಂಟಿಯ ಕಣ್ಣುರೆಪ್ಪೆ ಎಳೆದು ನೋಡಿದಳು. "ನಿಶ್ಶಕ್ತಿ ಮಾಮ. ರಕ್ತ ಇಲ್ಲ. ಪುಕ್ಕ ಬೇರೆ ಉದುರಿಸ್ಕೊಂಡಿದೆ. ಬೆಚ್ಚಗಿನ ನೀರು, ನೆನೆಸಿದ ಕಾಳು ಕೊಡಿ. ಸಾಯಂಕಾಲಕ್ಕೆ ಮೊಟ್ಟೆ ಇಡಿಸೋದು ನನ್ನ ಜವಾಬ್ದಾರಿ."

"ನನ್ನ ಸೀಟಿಗೇ ಇಡುತ್ತೆ. ಇಡಲಿಲ್ಲ ಅಂದ್ರೆ ಮೀಸೆ ಬೋಳಿಸ್ತೀನಿ," ಎಂದ ಕಂಡಕ್ಟರ್.

ಎದುರುಮನೆಯ ರಿಟೈರ್ಡ್ ವಿಜ್ಞಾನ ಮೇಷ್ಟ್ರು ಇಷ್ಟು ಹೊತ್ತೂ ಗೇಟಿನಲ್ಲಿ ನಿಂತು, ಕೈ ಎತ್ತಿದರೂ ಯಾರೂ ಕೇಳದ ಹುಡುಗನ ಹಾಗೆ ಚಡಪಡಿಸುತ್ತಿದ್ದರು. "ಸೀಟಿಯೂ ಅಲ್ಲ, ಕಾಳೂ ಅಲ್ಲ. ಬೆಳಕು! ಚಳಿಗಾಲದಲ್ಲಿ ಹಗಲು ಚಿಕ್ಕದು. ದಿನಕ್ಕೆ ಹದಿನಾಲ್ಕು ಗಂಟೆ ಬೆಳಕು ಕಣ್ಣಿಗೆ ಬೀಳದೆ ಇದ್ರೆ ಕೋಳಿಯ ಮೈ 'ಈಗ ಮರಿ ಮಾಡೋ ಕಾಲ ಅಲ್ಲ, ರೆಸ್ಟ್ ತಗೋ' ಅನ್ನುತ್ತೆ. ಗೂಡಿಗೊಂದು ದೀಪ ಹಾಕಯ್ಯಾ."

"ದೀಪ ಹಾಕಿದ್ರೆ ಇವತ್ತು ಸಂಜೆಗೆ ಇಡುತ್ತಾ ಮೇಷ್ಟ್ರೇ?"

"ಇವತ್ತು ಹಾಕಿದ್ರೆ... ಮೂರು ವಾರಕ್ಕೆ."

"ಮೂರು ವಾರಕ್ಕೆ ಅವು ಯಾರದೋ ಹೊಟ್ಟೇಲಿರ್ತಾವೆ!"

ಆದರೂ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮುಳ್ಳು ಮಾಮ ಕಾಳು ನೆನೆಸಿದ, ಸೀಟಿಗೆ ತಲೆಯಾಡಿಸಿದ, ತನ್ನ ಕೆಲಸದ ಮೇಜಿನ ದೀಪವನ್ನೇ ಬಿಚ್ಚಿ ಗೂಡಿಗೆ ನೇತುಹಾಕಿದ. ದೀಪವಿಲ್ಲದ ಮಬ್ಬಿನಲ್ಲಿ ಬೇಕರಿ ಅಕ್ಕನ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತ. ಅದನ್ನು ಅಂದೇ ಸಂಜೆ ಕೊಡುತ್ತೇನೆಂದು ಮೂರನೇ ಸಲ ಮಾತು ಕೊಟ್ಟಾಗಿತ್ತು. ಆ ಮಬ್ಬಿನಲ್ಲಿ ಚಿಮಟ ಜಾರಿತು. ಹಿತ್ತಾಳೆಯ ಒಂದು ಪುಟ್ಟ ಚಕ್ರ ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಹಿತ್ತಲಿಗೆ ಪುಟಿಯಿತು. ಮಾಮ ಓಡಿಬಂದ. ಕುಂಟಿ ಅವನಿಗಿಂತ ಒಂದು ಹೆಜ್ಜೆ ಮುಂದಿತ್ತು. ಜೋಳದ ಕಾಳಿನ ಹಾಗೆ ಮಿರಿಮಿರಿ ಮಿಂಚುತ್ತಿದ್ದುದನ್ನು ಗುಳುಂ ಮಾಡಿ, ಇನ್ನೊಂದಿದೆಯೇ ಎಂದು ಕತ್ತು ಓರೆ ಮಾಡಿತು.

"ನೀನು ಇಡ್ಬೇಕಾಗಿತ್ತಲ್ಲೇ, ನುಂಗ್ಬೇಕಾಗಿರಲಿಲ್ಲ!" ಎಂದು ಮಾಮ ತಲೆಮೇಲೆ ಕೈಹೊತ್ತು ಕೂತ. ನರ್ಸಮ್ಮ ಬೇಲಿಯಾಚೆಯಿಂದಲೇ ಸಮಾಧಾನ ಹೇಳಿದಳು: "ಹೋದ ದಾರಿ ಇದ್ಮೇಲೆ ಬರೋ ದಾರಿನೂ ಇದೆ. ಕಾಯಿರಿ."

ಬೇರೆ ಗೂಡುಗಳತ್ತ ತಿರುಗಿಯೂ ನೋಡದೆ, ಕುಂಟಿಯ ಬಾಲದ ಮೇಲೇ ಕಣ್ಣಿಟ್ಟು ಮಧ್ಯಾಹ್ನದವರೆಗೆ ಕಾದ. ಅದರಿಂದ ಚಕ್ರವೂ ಬರಲಿಲ್ಲ, ಮೊಟ್ಟೆಯೂ ಬರಲಿಲ್ಲ. ಕೊನೆಗೆ, ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದರೂ ಕಿವಿ ಕೆಂಪಾಗುತ್ತಿದ್ದ ಮನುಷ್ಯ, ಮಫ್ಲರ್‌ನಲ್ಲಿ ಮುಖ ಮುಚ್ಚಿಕೊಂಡು ಬೀದಿ ಕೊನೆಯ ಅಂಗಡಿಗೆ ಹೋದ.

"ಎರಡು ಮೊಟ್ಟೆ. ಸ್ವಲ್ಪ ಬೇಗ."

ಅಂಗಡಿ ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿದ. "ಎರಡೇ ಸಾಕಾ?" ಎಂದ.

ಮಾಮ ಕಳ್ಳಹೆಜ್ಜೆಯಲ್ಲಿ ಬಂದು, ಅತ್ತಿತ್ತ ನೋಡಿ, ಕೊನೆಯ ಗೂಡಿನ ಹುಲ್ಲಿನಡಿಗೆ ಎರಡನ್ನೂ ತುರುಕಿದ. ಇನ್ನುಳಿದ ಗೂಡುಗಳತ್ತ ನೋಡುವ ಧೈರ್ಯ ಬರಲಿಲ್ಲ. ಕೋಳಿಗಳೆಲ್ಲ ಸಾಕ್ಷಿ ಹೇಳುವವರ ಹಾಗೆ ಸಾಲಾಗಿ ನಿಂತು ಅವನನ್ನೇ ದಿಟ್ಟಿಸುತ್ತಿದ್ದವು.

ಐದೂವರೆಗೆ ಹೆಂಡತಿ ಬಂದಳು. ಫಲಿತಾಂಶ ನೋಡಲು ಬಂದವರಂತೆ ಕಂಡಕ್ಟರ್, ನರ್ಸಮ್ಮ, ಮೇಷ್ಟ್ರು ಮೂವರೂ ಆಗಲೇ ಬೇಲಿಗೆ ಆತುಕೊಂಡಿದ್ದರು. ಅವಳು ಮೊದಲನೇ ಗೂಡಿನ ಹುಲ್ಲು ಸರಿಸಿದಳು.

"ಎರಡು!" ಎಂದಳು. ಅವಳ ದನಿಯಲ್ಲಿ ಅಷ್ಟೇನೂ ಆಶ್ಚರ್ಯವಿರಲಿಲ್ಲ. ಎರಡನೇ ಗೂಡಿಗೆ ಕೈ ಹಾಕಿದಳು. ಈಗ ಕಣ್ಣರಳಿತು. "ಇಲ್ಲೂ ಎರಡು! ಅಯ್ಯೋ, ಮೂರು! ಮೂಲೇಲಿ ಇನ್ನೂ ಎರಡು ರೀ!" ಕೊನೆಯ ಗೂಡಿನಲ್ಲಿ ಮೂರು. ಅದರಲ್ಲೊಂದು ಚಿಕ್ಕದು, ಕಂದು ಬಣ್ಣದ್ದು. ಅದನ್ನವಳು ಗಂಡನ ಕೆನ್ನೆಗೆ ಒತ್ತಿದಳು. "ನೋಡಿ, ಇನ್ನೂ ಬಿಸಿ ಇದೆ!"

ಹತ್ತು ಮೊಟ್ಟೆ! ಮಾಮನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ತನ್ನ ಎರಡನ್ನು ಕಳೆದರೂ ಎಂಟು! ಕೋಳಿಗಳ ಮೇಲೆ ನಂಬಿಕೆ ಇಡದೆ ತಾನೆಂಥ ಪಾಪ ಮಾಡಿಬಿಟ್ಟೆ!

"ನೋಡಿದ್ರಾ ಸೀಟಿ?" ಎಂದ ಕಂಡಕ್ಟರ್. "ಕಾಳು!" ಎಂದಳು ನರ್ಸಮ್ಮ. "ಬೆಳಕು... ಆದರೆ ಇಷ್ಟು ಬೇಗ ಹೇಗೆ..." ಎಂದು ಮೇಷ್ಟ್ರು ಗಡ್ಡ ಕೆರೆದುಕೊಂಡರು. ಮೂವರ ಮುಖದಲ್ಲೂ ಗೆದ್ದ ಕಳೆ, ಜೊತೆಗೆ ಯಾಕೋ ಸ್ವಲ್ಪ ಗಲಿಬಿಲಿ.

ಅಷ್ಟರಲ್ಲಿ ಬೇಕರಿ ಅಕ್ಕ ಗಡಿಯಾರಕ್ಕೆಂದು ಬಂದಳು. "ಒಂದು ಚಕ್ರ... ಕೋಳಿ ಹೊಟ್ಟೇಲಿದೆ," ಎಂದು ಮಾಮ ತೊದಲಿದ. ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಮೊದಲನೇ ಸಲ ಜ್ವರ ಅಂದ್ರಿ, ಎರಡನೇ ಸಲ ಸ್ಪ್ರಿಂಗ್ ಅಂದ್ರಿ, ಈಗ ಕೋಳೀನಾ? ನಾಚಿಕೆ ಆಗಲ್ವಾ ಮಾಮ?"

ಗಂಡನ ಮಾನ ಹರಾಜಾಗುವುದನ್ನು ಹೆಂಡತಿ ತಡೆದಳು. ಬೈಯುವ ಹಕ್ಕು ತನ್ನೊಬ್ಬಳದೆಂದು ಅವಳ ನಂಬಿಕೆ. "ಸಿಟ್ಟಾಗ್ಬೇಡ ಅಕ್ಕ. ಈ ಚಳೀಲಿ ನಿನಗೆ ಕೇಕಿಗೆ ಮೊಟ್ಟೆ ಸಾಲ್ತಿಲ್ಲ ಅಂತಿದ್ದೆಯಲ್ಲ? ನಾಳೆಯಿಂದ ಬೆಳಗ್ಗೆ ಏಳಕ್ಕೆ ಸರಿಯಾಗಿ ಎಂಟು ಮೊಟ್ಟೆ ನಮ್ಮನೆಯಿಂದ. ಚಳಿಗಾಲ ಮುಗಿಯೋವರೆಗೂ!"

ಹತ್ತು ಅನ್ನದೆ ಎಂಟು ಅಂದದ್ದು ಮಾಮನಿಗೆ ಹಿಡಿಸಿತು. ಎಷ್ಟು ಜಾಣೆ, ಕೈಯಲ್ಲಿ ಎರಡು ಉಳಿಸಿಕೊಂಡೇ ಮಾತು ಕೊಟ್ಟಳು ಎಂದುಕೊಂಡ. ಅಕ್ಕ ತಣ್ಣಗಾಗಿ ಮೂರು ಮೊಟ್ಟೆ ಆಗಲೇ ಒಯ್ದಳು. ಉಪಾಯ ಹೇಳಿದ ಉಪಕಾರಕ್ಕೆ ಬೇಲಿಯ ಮೂವರಿಗೂ ಹೆಂಡತಿ ಎರಡೆರಡು ಹಂಚಿದಳು. ಮೂವರೂ ಬಲು ಸಂಕೋಚದಿಂದ ತೆಗೆದುಕೊಂಡರು. ಉಳಿದದ್ದು ಆ ಬಿಸಿ ಕಂದು ಮೊಟ್ಟೆ. ಬೆಳಗಿನ ಬಾಣಲೆಯಲ್ಲೇ ಅದನ್ನು ಒಡೆದು, ಮೆಣಸಿನ ಪುಡಿ ಉದುರಿಸಿ, ಗಂಡನ ಮುಂದಿಟ್ಟಳು. "ಬೆಳಗ್ಗೆ ಸ್ವಲ್ಪ ಜಾಸ್ತಿನೇ ಅಂದ್ಬಿಟ್ಟೆ. ತಿನ್ನಿ." ಅವನು ತಟ್ಟೆ ನೆಕ್ಕಿದ.

ಕೋಳಿಗಳಿಗೂ ಏನಾದರೂ ಕೊಡಬೇಡವೇ? ಜೋಳ ತರಲೆಂದು ಮಾಮ ಶಿಳ್ಳೆ ಹಾಕುತ್ತಾ ಅಂಗಡಿಗೆ ಹೋದ. ಮೊಟ್ಟೆಯ ತಟ್ಟೆ ಬರಿದಾಗಿ ಬೋರಲು ಬಿದ್ದಿತ್ತು.

"ಎಲ್ಲಾ ಖಾಲಿ ಅಜ್ಜ?"

"ನಿಮ್ಮ ಬೀದಿಯೋರು ಬಿಟ್ರೆ ತಾನೆ?" ಎಂದ ಅಜ್ಜ. "ಇದ್ದಿದ್ದೇ ಒಂಬತ್ತು. ಬೆಳಗ್ಗೆ ಮೊದಲ ಬೋಣಿ ನಿಮ್ಮ ಮನೆಯವಳದೇ. ಎರಡು. 'ಬಾಯಿ ತಪ್ಪಿ ಅಂದ್ಬಿಟ್ಟೆ ಅಜ್ಜ, ಕೋಳಿ ಹೋದ್ರೆ ಆ ಮನುಷ್ಯ ಊಟ ಬಿಡ್ತಾನೆ' ಅಂತ ಕಣ್ಣಲ್ಲಿ ನೀರು. ವಾಪಸು ಮನೆ ಕಡೆಗೇ ಓಡಿದ್ಲು. ಆಮೇಲೆ ಕಂಡಕ್ಟರ್ ಎರಡು, ಮೀಸೆ ವಿಷಯ ಅಂತೆ. ನರ್ಸಮ್ಮ ಎರಡು. ಮೇಷ್ಟ್ರು ಒಂದು, ವಿಜ್ಞಾನಕ್ಕೆ ಒಂದೇ ಸಾಕು ಅಂತ. ಕೊನೇಗೆ ನೀವು ಮಫ್ಲರ್ ಸುತ್ಕೊಂಡು ಎರಡು. ಎಲ್ಲರದೂ ಒಂದೇ ಮಾತು, 'ಯಾರಿಗೂ ಹೇಳ್ಬೇಡ.' ನಾನು ಯಾರಿಗೆ ಹೇಳ್ಲಿ? ನಿಮಗಷ್ಟೇ ಹೇಳ್ತಿರೋದು."

ಮಾಮ ಬೆರಳು ಮಡಿಚಿದ. ಒಂಬತ್ತು. ಮತ್ತೆ ಮಡಿಚಿದ. ಒಂಬತ್ತೇ.

"ಆದ್ರೆ ಗೂಡಲ್ಲಿ ಹತ್ತಿತ್ತಲ್ಲ ಅಜ್ಜ..."

ಹತ್ತನೆಯದು ಚಿಕ್ಕದು, ಕಂದು ಬಣ್ಣದ್ದು, ಬಿಸಿಯಾಗಿದ್ದದ್ದು. ಐವತ್ತು ದಿನಕ್ಕೆ ಹುಟ್ಟಿದ ಒಂದೇ ಒಂದು ಸತ್ಯ. ಅದೀಗ ಅವನ ಹೊಟ್ಟೆಯಲ್ಲಿ ಮೆಣಸಿನ ಪುಡಿಯ ಸಮೇತ ಕರಗುತ್ತಿತ್ತು.

"ನಾಳೆ ಬೆಳಗ್ಗೆ ಏಳಕ್ಕೆ ಎಂಟು ಮೊಟ್ಟೆ ಸಿಗುತ್ತಾ ಅಜ್ಜ?"

"ಗಾಡಿ ಬರೋದು ನಾಡಿದ್ದು. ಈಗಿಂದೀಗ ಎಂಟು ಬೇಕಂದ್ರೆ ನಾನೇ ಇಡ್ಬೇಕು."

ಮನೆಗೆ ಬರುವಾಗ ಮೂರೂ ಮನೆಗಳ ಒಲೆಯಿಂದ ಆಮ್ಲೆಟ್ಟಿನ ವಾಸನೆ ಬರುತ್ತಿತ್ತು. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ನಿಜ ಹೇಳೋಣವೆಂದರೆ ಮೇಷ್ಟ್ರ ವಿಜ್ಞಾನದಿಂದ ಕಂಡಕ್ಟರನ ಮೀಸೆಯವರೆಗೆ ಎಲ್ಲವೂ ಬಯಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೆಂಡತಿಯ ಆ ಎರಡು ಮೊಟ್ಟೆ. ಅಡಿಗೆಮನೆಯಲ್ಲಿ ಅವಳು ಹಾಡಿಕೊಳ್ಳುತ್ತಿದ್ದಳು. ಮಾಮ ಸದ್ದಿಲ್ಲದೆ ಹಿತ್ತಲಿಗೆ ಹೋಗಿ ಗೂಡಿನ ದೀಪದ ಕೆಳಗೆ ಕುಕ್ಕರಗಾಲಲ್ಲಿ ಕೂತ.

"ತಾಯೀ ಕುಂಟಿ, ಮೇಷ್ಟ್ರು ಮೂರು ವಾರ ಅಂತಾರೆ. ನಂಗೆ ಬೆಳಗ್ಗೆವರೆಗೆ ಮಾತ್ರ ಟೈಮು. ನೀನೇ ಎಲ್ಲರಿಗೂ ಒಂದು ಮಾತು ಹೇಳು."

ಕುಂಟಿ ಎದ್ದು ಮೈ ಕೊಡವಿ ಪಕ್ಕಕ್ಕೆ ಸರಿಯಿತು. ಹುಲ್ಲಿನಲ್ಲಿ ಏನೋ ಮಿಂಚಿತು. ಮಾಮ ದೀಪವನ್ನು ಹತ್ತಿರ ಎಳೆದ. ಬಾಗಿ ನೋಡಿದ. ಹಿತ್ತಾಳೆಯ ಚಕ್ರ.

ಅದನ್ನು ತೊಳೆದು, ಒರೆಸಿ, ಮೇಜಿಗೆ ಬಂದು ಕೂರಿಸಿದ. ಇಪ್ಪತ್ತು ದಿನದಿಂದ ನಿಂತಿದ್ದ ಬೇಕರಿ ಅಕ್ಕನ ಗಡಿಯಾರ ಒಮ್ಮೆ ಕೆಮ್ಮಿತು. ಆಮೇಲೆ ಒಂದು ಕ್ಷಣವೂ ಹಿಂದೆಮುಂದೆ ನೋಡದೆ, ಟಿಕ್ ಟಿಕ್ ಎಂದು ನಾಳೆ ಬೆಳಗಿನ ಏಳು ಗಂಟೆಯ ಕಡೆಗೆ ಓಡತೊಡಗಿತು.