ತೊಡೆಯೊಳಗಿನ ಶಾಲೆಗೆ ಗಾಜಿನಾಚೆಯಿಂದ ಬುದ್ಧಿ ಹೇಳುವ ಬಗ್ಗೆ

ಸಂಖ್ಯೆ: ಥೈಮಸ್/ತೊಡೆ/ಗದ್ದಲ/೭

ವಿಷಯ: ಮಗುವಿನ ತೊಡೆಗೆ ಕೂಗಿ ಮಾತಾಡುವುದನ್ನು ನಿರ್ಬಂಧಿಸುವ ಕುರಿತು.

ಉಲ್ಲೇಖ: (೧) ಅಜ್ಜಿಯವರ ಬಾಯಿಮಾತಿನ ಅಹವಾಲು. (೨) ಅದೇ ಅಹವಾಲು, ಇನ್ನೂ ಜೋರಾಗಿ.

ಗಾಜಿನ ಕೋಣೆಯ ಮಗುವು ಥೈಮಸ್ ಗ್ರಂಥಿಯಿಲ್ಲದೆ ಹುಟ್ಟಿದ್ದು, ಸೋಂಕಿನೊಡನೆ ಕಾದುವ ಬಿಳಿ ರಕ್ತಕಣಗಳಿಗೆ ಪಾಠ ಕಲಿಯಲು ಶಾಲೆಯೇ ಇರಲಿಲ್ಲ. ಆದಕಾರಣ ಪ್ರಯೋಗಾಲಯದ ತಟ್ಟೆಯಲ್ಲಿ ಸಾಕಿದ ಥೈಮಸ್ ಚೂರುಗಳನ್ನು ಅದರ ಬಲತೊಡೆಯಲ್ಲಿ ಕೂರಿಸಲಾಗಿದೆ. ಮಗುವಿನದೇ ಎಳೆಯ ಕಣಗಳು ಅಲ್ಲಿಗೆ ಹೋಗಿ, ಕಲಿತು ಹೊರಬರಬೇಕು. ಅಲ್ಲಿಯವರೆಗೆ ಒಂದು ನೆಗಡಿಯೂ ಪ್ರಾಣ ತೆಗೆಯಬಲ್ಲದಾದ್ದರಿಂದ ಅಜ್ಜಿ ಮೊಮ್ಮಗಳನ್ನು ಮುಟ್ಟುವಂತಿಲ್ಲ. ತಿಂಗಳುಗಳು ಕಳೆದಿವೆ. ಅಜ್ಜಿಯ ತಾಳ್ಮೆ ಗಾಜಿಗೆ ಮೂಗು ಒತ್ತಿ ನಿಂತಿದೆ.

ಸಮಸ್ತ ಸಿಬ್ಬಂದಿಗೆ ಕಟ್ಟುನಿಟ್ಟಾಗಿ ತಿಳಿಸಲಾಗುವುದೇನೆಂದರೆ:

೧. "ಚೆನ್ನಾಗಿ ಓದ್ಕೊಳ್ರೋ, ಕಿಟಕಿ ಆಚೆ ನೋಡ್ಬೇಡಿ!" ಎಂದು ಅಜ್ಜಿ ತೊಡೆಯನ್ನು ಗದರುವುದು ವರದಿಯಾಗಿದೆ. ತೊಡೆಗೆ ಕಿಟಕಿಯಿಲ್ಲವೆಂದು ಸ್ಪಷ್ಟಪಡಿಸಲಾಗಿದೆ.

೨. ಇದಕ್ಕೆ ತಾಳ ಹಾಕಿ ದಾದಿಯರು ಶಾಲೆಯ ಗಂಟೆ ಬಾರಿಸುವುದು ತಕ್ಷಣ ನಿಲ್ಲತಕ್ಕದ್ದು. ತೊಡೆಗೆ ಭಾನುವಾರ ರಜೆ ಘೋಷಿಸಿದ ಹಿರಿಯ ವೈದ್ಯರಿಂದ ವಿವರಣೆ ಕೇಳಲಾಗಿದೆ. "ಮಕ್ಕಳಲ್ವಾ, ಆಡ್ಕೊಳ್ಳಿ ಬಿಡಿ" ಎಂಬ ಅವರ ಉತ್ತರವನ್ನು ಕಡತಕ್ಕೆ ಸೇರಿಸಲಾಗಿದೆ.

೩. ಶಾಲೆಯಲ್ಲಿ ಪರೀಕ್ಷೆ ಎರಡು. ಮಗುವಿನ ಮೈಯ ಗುರುತೇ ಹಿಡಿಯದ ಕಣ ಮೊದಲನೆಯದರಲ್ಲಿ ಅನುತ್ತೀರ್ಣ. ಗುರುತು ಹಿಡಿದು ಆ ಮೈಮೇಲೆಯೇ ಏರಿಹೋಗುವ ಕಣ ಎರಡನೆಯದರಲ್ಲಿ. ಅನುತ್ತೀರ್ಣ ಕಣ ಅಲ್ಲೇ ಸಾಯತಕ್ಕದ್ದು. ಬಹುಪಾಲು ಕಣಗಳ ಗತಿ ಇದೇ ಎಂದು ತಿಳಿದ ಅಜ್ಜಿ, "ಅಯ್ಯೋ ಪಾಪ! ನಾನೂ ಲೆಕ್ಕದಲ್ಲಿ ಡುಮ್ಕಿ ಹೊಡೆದೋಳೇ, ಸತ್ತೋದ್ನಾ? ಇನ್ನೊಂದ್ಸಲ ಬರೆಸ್ರಪ್ಪ" ಎಂದು ಮರುಪರೀಕ್ಷೆ ಕೋರಿರುತ್ತಾರೆ.

೪. ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಕನಿಕರಪಟ್ಟು ಪಾಸು ಮಾಡಿದರೆ ಅಂಥವನು ಉಂಡ ಮನೆಯ ಜಂತಿಯನ್ನೇ ಎಣಿಸಿ, ಕೂಸಿನ ಕರುಳಿಗೇ ಕೈಹಾಕುವನೆಂದು ವೈದ್ಯರು ತಿಳಿಹೇಳಿದ್ದಾರೆ. ಆ ಕ್ಷಣವೇ ಅಹವಾಲನ್ನು ಹಿಂಪಡೆದ ಅಜ್ಜಿ, "ಅರ್ಧ ಅಂಕ ಜಾಸ್ತಿ ಹಾಕಿದ್ರೂ ಕೈ ಮುರೀತೀನಿ!" ಎಂದು ಪರೀಕ್ಷಕರನ್ನು ಹುಡುಕುತ್ತ ಮಹಡಿ ಮಹಡಿ ತಿರುಗುತ್ತಿದ್ದಾರೆ. ಪರೀಕ್ಷಕರೂ ತೊಡೆಯೊಳಗೇ ಇದ್ದಾರೆಂದು ಅವರಿಗೆ ಎದುರು ನಿಂತು ಹೇಳಲು ಯಾರೂ ಒಪ್ಪದ ಕಾರಣ ಇಲ್ಲಿ ತಿಳಿಸಲಾಗಿದೆ.

೫. ಈ ಸುತ್ತೋಲೆ ಟೈಪಾಗುತ್ತಿರುವಾಗಲೇ ರಕ್ತಪರೀಕ್ಷೆಯ ಕೋಣೆಯಿಂದ ಕೇಕೆ ಕೇಳಿಬಂದಿದೆ. ಕಾವಲಿಗೆ ಸಾಕಾಗುವಷ್ಟು ಕಣಗಳು ಪಾಸಾಗಿ ರಕ್ತಕ್ಕಿಳಿದಿವೆ. ಈಗ ಗಂಟೆ ಬಾರಿಸುತ್ತಿರುವವರು ಯಾರೆಂದು ವಿಚಾರಿಸತಕ್ಕದ್ದಲ್ಲ.

ಸಹಿ/-
(ಬಲಗೈಯಲ್ಲಿ ಗಂಟೆಯಿದ್ದುದರಿಂದ ಎಡಗೈಯಲ್ಲಿ ಹಾಕಿದ್ದು)
ಆಡಳಿತಾಧಿಕಾರಿ

ಪ್ರತಿಗಳು:
ಹಿರಿಯ ವೈದ್ಯರಿಗೆ: ತೊಡೆಯ ರಜೆ ಮಂಜೂರಾಗಿದೆ.
ಗಾಜು ಒರೆಸುವವರಿಗೆ: ಮೂಗಿನ ಗುರುತು ಇನ್ನು ಅಳಿಸಬಹುದು.
ಎಡತೊಡೆಗೆ: ಮಾಹಿತಿಗಾಗಿ.
ಅಜ್ಜಿಯವರಿಗೆ: ಗಾಜಿನ ಕೋಣೆಯೊಳಗೆ ತಲುಪಿಸಲು ಹೋಗಲಾಗಿ, ಎರಡೂ ಕೈ ಖಾಲಿಯಿಲ್ಲವೆಂದು ಪ್ರತಿ ಹಿಂದಿರುಗಿದೆ.